ಬ್ಲಾಕ್‌ಲಿಸ್ಟ್‌ನ ನಮ್ಮ ಸರ್ವರಲ್ಲೇ ಇಳಿಸಿಟ್ಕೋಬೋದಾ? ಅದಕ್ಕೂ ಮೊದ್ಲು ರೆಸಾಲ್ವರ್ ನೋಡಿ

ಪ್ರಶ್ನೆ: ನಮ್ಮಲ್ಲಿ ಪೋಸ್ಟ್‌ಫಿಕ್ಸ್ (ಮೇಲ್ ತಗೊಳ್ಳೋ ಕಳಿಸೋ ಪ್ರೋಗ್ರಾಮ್) ಜೊತೆ ಸ್ಪ್ಯಾಮ್‌ಅಸಾಸಿನ್ (ಸ್ಪ್ಯಾಮ್ ಸೋಸೋ ಪ್ರೋಗ್ರಾಮ್) ಓಡ್ತಿದೆ, ಸುಮಾರು 400 ಮೇಲ್‌ಬಾಕ್ಸ್. ಹೋದ ವಾರ ಹೊಸ ವಿಪಿಎಸ್‌ಗೆ (ಬಾಡಿಗೆ ಸರ್ವರ್) ಶಿಫ್ಟ್ ಮಾಡಿದ್ವಿ, ಡಿಎನ್‌ಎಸ್‌ಗೆ (ಹೆಸ್ರಿಂದ ಐಪಿ ಅಡ್ರೆಸ್ ಹುಡುಕೋ ವ್ಯವಸ್ಥೆ) ಗೂಗಲ್‌ನ 8.8.8.8 ಹಾಕಿದ್ವಿ. ಆವಾಗಿಂದ ಒಳಗೆ ಬರೋ ಮೇಲೆಲ್ಲಾ ರಿಜೆಕ್ಟ್ ಆಗೋಕೆ ಶುರುವಾಯ್ತು, ಲಾಗಲ್ಲಿ 127.255.255.254 ಅಂತ ಕಾಣ್ತಿತ್ತು. ಕಾನ್ಫಿಗಿಂದ ಸ್ಪ್ಯಾಮ್‌ಹೌಸ್ (ಸ್ಪ್ಯಾಮ್ ಕಳಿಸೋ ಐಪಿಗಳ ಬ್ಲಾಕ್‌ಲಿಸ್ಟ್ ನಡೆಸೋರು) ಲೈನ್ ತೆಗೆದ್ಮೇಲೆ ಮೇಲ್ ಬರ್ತಿದೆ, ಆದ್ರೆ ಸ್ಪ್ಯಾಮೂ ಸುರೀತಿದೆ. ಇಡೀ ಬ್ಲಾಕ್‌ಲಿಸ್ಟ್‌ನೇ ಇಳಿಸಿ ನಮ್ಮ ಸರ್ವರಲ್ಲೇ ಕ್ಯಾಶ್ ಮಾಡಿಟ್ಕೊಂಡ್ರೆ ಹೊರಗಿನೋರನ್ನ ಕೇಳೋ ರಗಳೆನೇ ಇರಲ್ವಲ್ಲಾ?

ಉತ್ತರ: ಇಳಿಸ್ಕೋಬೋದು, ಆದ್ರೆ 400 ಮೇಲ್‌ಬಾಕ್ಸ್‌ಗೆ ಅದು ಮೂಗಿಗಿಂತ ಮೂಗುತಿ ಭಾರ. ನಿಮಗಾಗಿರೋ ತೊಂದ್ರೆಗೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ, ಆ 8.8.8.8. ಅದನ್ನ ತೆಗೆದು ಸರ್ವರಲ್ಲೇ ಒಂದು ಸಣ್ಣ ರೆಸಾಲ್ವರ್, ಅಂದ್ರೆ ಡಿಎನ್‌ಎಸ್ ಪ್ರಶ್ನೆಗೆ ಉತ್ತರ ಹುಡುಕಿ ತರೋ ಪ್ರೋಗ್ರಾಮ್, ಕೂರಿಸಿದ್ರೆ ಅರ್ಧ ಗಂಟೆ ಕೆಲ್ಸ. ಲಿಸ್ಟ್ ಇಳಿಸೋ ವಿಷ್ಯಕ್ಕೂ ಬರ್ತೀನಿ, ಯಾಕಂದ್ರೆ ಮುಂದೆ ನಿಮ್ಮ ಸರ್ವರ್ ದೊಡ್ಡದಾದ್ರೆ ಬೇಕಾಗಬೋದು, ಮತ್ತೆ ಅದನ್ನ ತಪ್ಪಾಗಿ ಮಾಡಿ ಒದ್ದಾಡಿದೋರಲ್ಲಿ ನಾನೂ ಒಬ್ಬ.

ಮೊದ್ಲು ಈ ಲಿಸ್ಟ್‌ಗಳು ಹೆಂಗೆ ಕೆಲ್ಸ ಮಾಡ್ತವೆ ಅಂತ ಎರಡು ಮಾತು. 192.0.2.45 ಅನ್ನೋ ಐಪಿಯಿಂದ ಯಾರೋ ನಿಮ್ಮ ಸರ್ವರ್ ಬಾಗಿಲು ತಟ್ಟಿದ್ರೆ, ಪೋಸ್ಟ್‌ಫಿಕ್ಸ್ ಆ ನಂಬರನ್ನ ಹಿಂದುಮುಂದು ಮಾಡಿ 45.2.0.192 ಅಂತ ಬರೆದು ಅದ್ರ ಬಾಲಕ್ಕೆ ಲಿಸ್ಟಿನ ಹೆಸ್ರು ಅಂಟಿಸಿ, ಮಾಮೂಲಿ ವೆಬ್‌ಸೈಟ್ ಅಡ್ರೆಸ್ ಹುಡುಕಿದಂಗೇ ಡಿಎನ್‌ಎಸ್‌ನಲ್ಲಿ ಹುಡುಕುತ್ತೆ. ಅಂಥ ಹೆಸ್ರೇ ಇಲ್ಲ ಅಂತ ಉತ್ತರ ಬಂದ್ರೆ ಆ ಐಪಿ ಲಿಸ್ಟಲ್ಲಿಲ್ಲ ಅಂತ. 127.0.0.2 ತರ ಏನಾದ್ರೂ ಬಂದ್ರೆ ಲಿಸ್ಟಲ್ಲಿದೆ ಅಂತ. ಅಷ್ಟೇ, ಇನ್ನೇನೂ ಮಾಯಮಂತ್ರ ಇಲ್ಲ. 1997ರಲ್ಲಿ ಪಾಲ್ ವಿಕ್ಸಿ ಶುರು ಮಾಡಿದ ಮೊದಲ ಲಿಸ್ಟಿನ ಕಾಲದಿಂದ ಹೆಚ್ಚುಕಮ್ಮಿ ಇದೇ ಐಡಿಯಾ, ಆಮೇಲೆ 2010ರಲ್ಲಿ ಆರ್‌ಎಫ್‌ಸಿ 5782 ಅನ್ನೋ ಇಂಟರ್ನೆಟ್ ದಾಖಲೆಯಲ್ಲಿ ಇದನ್ನ ಬರೆದಿಟ್ರು. ಸ್ಪ್ಯಾಮ್‌ಹೌಸ್‌ನ ಝೆನ್ ಲಿಸ್ಟಲ್ಲಿ ಕೊನೇ ಅಂಕಿಗೂ ಅರ್ಥ ಇದೆ, 2 ಅಂದ್ರೆ ಗೊತ್ತಿರೋ ಸ್ಪ್ಯಾಮ್ ಮೂಲ, 4 ಅಂದ್ರೆ ವೈರಸ್ ಹತ್ತಿದ ಮಷೀನು, 10 ಮತ್ತೆ 11 ಅಂದ್ರೆ ನೇರವಾಗಿ ಮೇಲ್ ಕಳಿಸಬಾರದ ಮನೆ ಕನೆಕ್ಷನ್ ತರದ್ದು.

ಈಗ ನಿಮ್ಮ 127.255.255.254. ಅದು "ಈ ಐಪಿ ಕೆಟ್ಟದು" ಅನ್ನೋ ಉತ್ತರ ಅಲ್ಲವೇ ಅಲ್ಲ, "ನೀವು ಪಬ್ಲಿಕ್ ರೆಸಾಲ್ವರ್ ಮೂಲಕ ಕೇಳ್ತಿದ್ದೀರ, ನಾವು ಹೇಳಲ್ಲ" ಅನ್ನೋ ಉತ್ತರ. ಕೊನೇಲಿ 252 ಇದ್ರೆ ಲಿಸ್ಟ್ ಹೆಸ್ರು ತಪ್ಪಾಗಿ ಟೈಪ್ ಮಾಡಿದ್ದೀರ ಅಂತ, 255 ಇದ್ರೆ ವಿಪರೀತ ಕೇಳ್ತಿದ್ದೀರ ಅಂತ. ಪಾಪ ಅವ್ರು ಸ್ಪಷ್ಟವಾಗೇ ಹೇಳಿದ್ದಾರೆ, ಆದ್ರೆ ಪೋಸ್ಟ್‌ಫಿಕ್ಸ್‌ಗೆ ಯಾವ ಉತ್ತರಾನ ಲೆಕ್ಕಕ್ಕೆ ತಗೋಬೇಕು ಅಂತ ನೀವು ಹೇಳಿಲ್ಲದಿದ್ರೆ ಅದು ಏನು ಉತ್ತರ ಬಂದ್ರೂ "ಹಾಂ, ಲಿಸ್ಟಲ್ಲಿದೆ" ಅಂದ್ಕೊಂಡು ಬಂದೋರನ್ನೆಲ್ಲಾ ಹೊರಗೆ ತಳ್ಳುತ್ತೆ. ಅದಕ್ಕೇ ಪೋಸ್ಟ್‌ಫಿಕ್ಸ್ ಕಾನ್ಫಿಗಿನ ರಿಜೆಕ್ಟ್ ಆರ್‌ಬಿಎಲ್ ಕ್ಲೈಂಟ್ (reject_rbl_client) ಸಾಲಲ್ಲಿ ಲಿಸ್ಟಿನ ಹೆಸರಾದ್ಮೇಲೆ ಸಮ ಚಿಹ್ನೆ ಹಾಕಿ 127.0.0.[2..11] ಅಂತ ಬರೀರಿ. ಇದೊಂದು ಬರೆದಿದ್ರೆ ಹೋದ ವಾರದ ಗಲಾಟೆನೇ ಆಗ್ತಿರಲಿಲ್ಲ, ಸ್ಪ್ಯಾಮ್ ಒಂದಿಷ್ಟು ಒಳಗೆ ಬರ್ತಿತ್ತು ಅಷ್ಟೇ.

ಸ್ಪ್ಯಾಮ್‌ಹೌಸ್‌ನೋರಿಗೆ ಪಬ್ಲಿಕ್ ರೆಸಾಲ್ವರ್ ಕಂಡ್ರೆ ಯಾಕೆ ಆಗಲ್ಲ ಅಂದ್ರೆ, 8.8.8.8 ಆಗ್ಲಿ 1.1.1.1 ಆಗ್ಲಿ ಲಕ್ಷಾಂತರ ಜನರ ಪ್ರಶ್ನೆನ ಒಂದೇ ಬಾಯಲ್ಲಿ ಕೇಳ್ತವೆ, ಅದ್ರ ಹಿಂದೆ ದಿನಕ್ಕೆ ಸಾವಿರ ಮೇಲ್ ಬರೋ ನೀವಿದ್ದೀರೋ ಕೋಟಿ ಮೇಲ್ ಬರೋ ಕಂಪನಿ ಇದ್ಯೋ ಅವ್ರಿಗೆ ಕಾಣಲ್ಲ. ಫ್ರೀ ಸರ್ವೀಸ್ ಇರೋದು ಕಮ್ಮಿ ಬಳಸೋರಿಗೆ, ವ್ಯಾಪಾರಕ್ಕಲ್ಲದೆ ಬಳಸೋರಿಗೆ. ಯಾರು ಅಂತ ಗೊತ್ತಾಗದಿದ್ರೆ ಬಾಗಿಲು ಹಾಕ್ತಾರೆ. ಮೇಲ್ ಒಳಗಿನ ಲಿಂಕ್‌ಗಳ ಬ್ಲಾಕ್‌ಲಿಸ್ಟ್ ನಡೆಸೋ ಯುಆರ್‌ಐಬಿಎಲ್‌ನೋರೂ ಹಂಗೇ, ಅಲ್ಲಿ ನಿರಾಕರಣೆಗೆ 127.0.0.1 ಅಂತ ಕೊಡ್ತಾರೆ, ಸ್ಪ್ಯಾಮ್‌ಅಸಾಸಿನ್ ಅದನ್ನ ಗುರ್ತಿಸಿ ಹೆಡರಲ್ಲಿ ಯುಆರ್‌ಐಬಿಎಲ್ ಬ್ಲಾಕ್ಡ್ ಅಂತ ಹಾಕುತ್ತೆ. ಒಂದ್ಸಲ ನಿಮ್ಮ ಮೇಲ್‌ಗಳ ಹೆಡರ್ ತೆಗೆದು ನೋಡಿ, ನನ್ನ ಅಂದಾಜಲ್ಲಿ ಅದು ಈಗಾಗ್ಲೇ ಇದೆ ಮತ್ತೆ ಯಾರೂ ಗಮನಿಸಿಲ್ಲ, ಯಾಕಂದ್ರೆ ಅದಕ್ಕೆ ಸ್ಕೋರು ಇಲ್ಲ ಅನ್ನೋವಷ್ಟು ಕಮ್ಮಿ.

ಹಂಗಾಗಿ ಮೊದಲ ಕೆಲ್ಸ ಅನ್‌ಬೌಂಡ್ ಅನ್ನೋ ರೆಸಾಲ್ವರ್ ಹಾಕೋದು. ಬೈಂಡ್ ಆದ್ರೂ ಆಗುತ್ತೆ, ಪವರ್‌ಡಿಎನ್‌ಎಸ್ ರಿಕರ್ಸರ್ ಆದ್ರೂ ಆಗುತ್ತೆ, ನಂಗೆ ಅನ್‌ಬೌಂಡ್ ಅಭ್ಯಾಸ. ಮುಖ್ಯವಾದ ಮಾತು, ಅದು ಪೂರ್ತಿ ರಿಕರ್ಸಿವ್ ಆಗಿರ್ಬೇಕು, ಅಂದ್ರೆ ರೂಟ್ ಸರ್ವರಿಂದ (ಡಿಎನ್‌ಎಸ್‌ನ ತುತ್ತತುದಿ) ಶುರು ಮಾಡಿ ತಾನೇ ಕೇಳ್ಕೊಂಡು ಹೋಗ್ಬೇಕು. ಎಷ್ಟೋ ಜನ ಅನ್‌ಬೌಂಡ್ ಹಾಕಿ ಅದ್ರೊಳಗೆ ಫಾರ್ವರ್ಡ್ ಝೋನ್ ಅಂತ ಮತ್ತೆ ಅದೇ 8.8.8.8 ಬರೀತಾರೆ, ಆಮೇಲೆ ಕ್ಯಾಶ್ ಹಾಕಿದ್ರೂ ಸರಿಹೋಗ್ಲಿಲ್ಲ ಸಾರ್ ಅಂತಾರೆ. ಎಲ್ಲಿಂದ ಸರಿಹೋಗುತ್ತೆ, ಮನೆ ಬದಲಾಯಿಸಿದ್ರೂ ಕರೆ ಅದೇ ನಂಬರಿಂದ ಹೋಗ್ತಿದೆಯಲ್ಲಾ. ಡಿಎನ್‌ಎಸ್‌ಮಾಸ್ಕ್ ಮತ್ತೆ ಸಿಸ್ಟಮ್‌ಡಿ ರಿಸಾಲ್ವ್‌ಡ್ ಕೂಡ ಇದೇ ಜಾತಿ, ಕ್ಯಾಶ್ ಮಾಡ್ತವೆ ಆದ್ರೆ ಹೊರಗಿನ ಪ್ರಶ್ನೆನ ಇನ್ಯಾರಿಗೋ ದಾಟಿಸ್ತವೆ. ಯಾವ ರೆಸಾಲ್ವರನ್ನ ಕೇಳ್ಬೇಕು ಅಂತ ಬರೆದಿರೋ ರಿಸಾಲ್ವ್ ಕಾನ್ಫ್ ಫೈಲಲ್ಲಿ 127.0.0.53 ಅಂತ ಇದ್ರೆ ನೀವು ಕೇಳ್ತಿರೋದು ಸಿಸ್ಟಮ್‌ಡಿನ, ಡಾಕರ್ ಒಳಗಿದ್ದು 127.0.0.11 ಅಂತ ಇದ್ರೆ ಡಾಕರ್‌ನ. ಎರಡರಲ್ಲೂ ಹಿಂದೆ ಯಾರಿದ್ದಾರೆ ಅಂತ ಹುಡುಕಿ ನೋಡ್ಬೇಕು. ಇನ್ನೊಂದು, ಅನ್‌ಬೌಂಡ್ ಲೋಕಲ್ ಅಡ್ರೆಸಲ್ಲಿ ಮಾತ್ರ ಕೇಳಿಸ್ಕೊಳ್ಳಲಿ, ಇಡೀ ಲೋಕಕ್ಕೆ ತೆರೆದಿಟ್ರೆ ಡಿಡಾಸ್ (ಟ್ರಾಫಿಕ್ ಸುರಿದು ಸರ್ವರ್ ಮುಳುಗಿಸೋ ದಾಳಿ) ಮಾಡೋರಿಗೆ ನೀವೇ ಆಯುಧ ಕೊಟ್ಟಂಗೆ.

ಇಲ್ಲೊಂದು ಹಳೇ ಗುಂಡಿ ಇದೆ, ಡೆಬಿಯನ್ ತರದ ಸಿಸ್ಟಮಲ್ಲಿ ಪೋಸ್ಟ್‌ಫಿಕ್ಸ್‌ನ ಕೆಲವು ಭಾಗ ಕ್ರೂಟ್ (ಒಂದೇ ಡೈರೆಕ್ಟರಿಯೊಳಗೆ ಕೂಡಿಹಾಕಿದ ಜಾಗ) ಒಳಗೆ ಓಡ್ತವೆ, ಅವು ನೋಡೋ ರಿಸಾಲ್ವ್ ಕಾನ್ಫ್ ಪೋಸ್ಟ್‌ಫಿಕ್ಸ್ ಸ್ಪೂಲ್ ಡೈರೆಕ್ಟರಿ ಒಳಗಿರೋ ಬೇರೆ ಕಾಪಿ. ನೀವು ಹೊರಗಿನ ಫೈಲ್ ಬದಲಾಯಿಸಿ, ಡಿಗ್ (ಡಿಎನ್‌ಎಸ್ ಕೇಳಿ ನೋಡೋ ಕಮಾಂಡ್) ಹೊಡೆದು ನೋಡಿ, ಎಲ್ಲಾ ಸರಿ ಇದೆ ಅಂದ್ಕೋತೀರ, ಪೋಸ್ಟ್‌ಫಿಕ್ಸ್ ಮಾತ್ರ ಹಳೇದನ್ನೇ ಕೇಳ್ತಿರುತ್ತೆ. ರೀಲೋಡ್ ಸಾಲಲ್ಲ, ಪೂರ್ತಿ ರೀಸ್ಟಾರ್ಟ್ ಮಾಡಿ, ಆಮೇಲೆ ಎರಡೂ ಫೈಲ್ ಒಂದೇ ಇದ್ಯಾ ನೋಡಿ.

ಸರಿ, ಇನ್ನು ಕ್ಯಾಶಿಂಗ್. ನೀವು ಕ್ಯಾಶ್ ಮಾಡಿದ್ರೆ ಹೊರಗೆ ಹೋಗೋ ಪ್ರಶ್ನೆ ಸುಮಾರಾಗಿ ನಿಂತೇಹೋಗುತ್ತೆ ಅಂದ್ಕೊಂಡಿದ್ದೀರ, ಹಂಗಾಗಲ್ಲ. ಸ್ಪ್ಯಾಮ್ ಕಳಿಸೋ ಬಾಟ್‌ನೆಟ್‌ನ (ವೈರಸ್ ಹತ್ತಿದ ಮಷೀನುಗಳ ಗುಂಪು) ಒಂದೊಂದು ಐಪಿನೂ ನಿಮ್ಮ ಹತ್ರ ಬರೋದು ಒಂದ್ಸಲನೋ ಎರಡ್ಸಲನೋ, ಅದಾದ್ಮೇಲೆ ಬರೋದು ಬೇರೆ ಐಪಿ. ಒಂದೇ ಸಲ ಬಂದು ಹೋಗೋ ಅತಿಥಿಗೆ ಎಲೆ ಎತ್ತಿಟ್ಕೊಂಡು ಏನುಪಯೋಗ. ಕ್ಯಾಶಿಂದ ಉಪಯೋಗ ಆಗೋ ಜಾಗ ಎರಡಿದೆ. ಒಂದು, ಜಿಮೇಲ್ ತರದ ದೊಡ್ಡ ಕಳಿಸೋರು, ಅವ್ರ ಅದೇ ಐಪಿಗಳು ಮತ್ತೆ ಮತ್ತೆ ಬರ್ತವೆ. ಇನ್ನೊಂದು ಜನಕ್ಕೆ ಹೊಳೆಯಲ್ಲ, ನಿಮ್ಮ ಸರ್ವರ್ ಒಳಗೇ ಒಂದೇ ಪ್ರಶ್ನೆನ ಮೂರು ಜನ ಕೇಳ್ತಾರೆ. ಪೋಸ್ಟ್‌ಫಿಕ್ಸ್‌ನ ಬಾಗಿಲು ಕಾಯೋ ಪೋಸ್ಟ್‌ಸ್ಕ್ರೀನ್ ಒಂದ್ಸಲ, ಮೇಲ್ ತಗೊಳ್ಳೋ ಎಸ್‌ಎಮ್‌ಟಿಪಿಡಿ ಒಂದ್ಸಲ, ಮೇಲ್ ಒಳಗೆ ಬಂದ್ಮೇಲೆ ಸ್ಪ್ಯಾಮ್‌ಅಸಾಸಿನ್ ಇನ್ನೊಂದ್ಸಲ, ಎಲ್ಲಾ ಕೆಲವೇ ಸೆಕೆಂಡ್ ಅಂತರದಲ್ಲಿ. ಒಂದೇ ರೆಸಾಲ್ವರ್ ಮೂರಕ್ಕೂ ಇದ್ರೆ ಹೊರಗೆ ಹೋಗೋದು ಒಂದು, ಮಿಕ್ಕಿದ್ದೆರಡು ಕ್ಯಾಶಿಂದ. ಸ್ಪ್ಯಾಮ್‌ಅಸಾಸಿನ್‌ನ ಡಿಎನ್‌ಎಸ್ ಕಾಯೋ ಸಮಯ ಡೀಫಾಲ್ಟ್ 15 ಸೆಕೆಂಡ್, ಹಾಗಾಗಿ ಮೇಲ್ ತಡ ಆಗ್ತಿದ್ರೆ ಅದೂ ಇಲ್ಲೇ ಕಮ್ಮಿ ಆಗುತ್ತೆ.

ಉತ್ತರ ಎಷ್ಟು ಹೊತ್ತು ಇಟ್ಕೋಬೇಕು ಅಂತ ಹೇಳೋದು ಲಿಸ್ಟ್ ನಡೆಸೋರು, ಟಿಟಿಎಲ್ (ಉತ್ತರದ ಆಯಸ್ಸು, ಸೆಕೆಂಡಲ್ಲಿ) ಮೂಲಕ. "ಲಿಸ್ಟಲ್ಲಿಲ್ಲ" ಅನ್ನೋ ಉತ್ತರಕ್ಕೂ ಆಯಸ್ಸಿದೆ, 1998ರ ಆರ್‌ಎಫ್‌ಸಿ 2308 ಪ್ರಕಾರ ಅದು ಆ ಝೋನಿನ (ಲಿಸ್ಟಿನ ಹೆಸರಿನಡಿ ಇರೋ ಡಿಎನ್‌ಎಸ್ ದಾಖಲೆಗಳು) ಎಸ್‌ಒಎ ಅನ್ನೋ ತಲೆಬರಹದ ರೆಕಾರ್ಡಿಂದ ಬರುತ್ತೆ. ಬ್ಲಾಕ್‌ಲಿಸ್ಟ್‌ಗಳು ಇದನ್ನ ಬೇಕಂತಲೇ ಕಮ್ಮಿ ಇಟ್ಟಿರ್ತವೆ, ನಿಮಗೆ ಬೇಕಾದ ಲಿಸ್ಟಿಗೆ ಡಿಗ್ ಹೊಡೆದು ನೋಡ್ಕೊಳ್ಳಿ. ಈಗ ಕೆಲವ್ರು ಮಾಡೋ ಜಾಣತನ ಏನಂದ್ರೆ ಅನ್‌ಬೌಂಡಲ್ಲಿ ಕ್ಯಾಶ್ ಮಿನ್ ಟಿಟಿಎಲ್ ಅಂತ 3600 ಹಾಕ್ಬಿಡ್ತಾರೆ, ಪ್ರಶ್ನೆ ಕಮ್ಮಿ ಆಗ್ಲಿ ಅಂತ. ದಯವಿಟ್ಟು ಬೇಡ. ಹತ್ತು ನಿಮಿಷದ ಹಿಂದೆ ವೈರಸ್ ಹತ್ತಿದ ಮಷೀನನ್ನ ಲಿಸ್ಟ್‌ನೋರು ಹಿಡಿದು ಹಾಕಿರ್ತಾರೆ, ನಿಮ್ಮ ಕ್ಯಾಶಲ್ಲಿ ಮಾತ್ರ ಅದು ಇನ್ನೂ ಒಳ್ಳೇದು, ಸ್ಪ್ಯಾಮ್ ಸುರಿಯೋದು ಆ ಮೊದಲ ನಿಮಿಷಗಳಲ್ಲೇ. ಉಲ್ಟಾನೂ ಅಷ್ಟೇ, ಯಾರೋ ಪಾಪ ತಪ್ಪು ಸರಿಮಾಡ್ಕೊಂಡು ಲಿಸ್ಟಿಂದ ಹೊರಗೆ ಬಂದಿರ್ತಾರೆ, ಊರೆಲ್ಲಾ ಅವ್ರ ಮೇಲ್ ತಗೊಳ್ತಿದ್ರೂ ನೀವೊಬ್ರೇ ತಗೊಳ್ತಿರಲ್ಲ, ಮತ್ತೆ ಅವ್ರು ಬಂದು ಕೇಳಿದ್ರೆ ಲಿಸ್ಟಲ್ಲಿ ತೋರಿಸೋಕೂ ಏನೂ ಇರಲ್ಲ ನಿಮ್ಮತ್ರ. ಅವಧಿ ಮುಗಿದ ಉತ್ತರಾನೇ ಕೊಡೋ ಸರ್ವ್ ಎಕ್ಸ್‌ಪೈರ್ಡ್ ಅನ್ನೋ ಆಪ್ಷನ್ನೂ ಇದೇ ಕಾರಣಕ್ಕೆ ಆಫ್ ಇರ್ಲಿ. ಕ್ಯಾಶ್ ಸೈಜ್ ಬೇಕಾದ್ರೆ ಜಾಸ್ತಿ ಮಾಡಿ, ಡೀಫಾಲ್ಟ್ 4 ಎಂಬಿ ಮೇಲ್ ಸರ್ವರಿಗೆ ಸ್ವಲ್ಪ ಚಿಕ್ಕದು. ಆಯಸ್ಸು ಮಾತ್ರ ಅವ್ರು ಹೇಳಿದಷ್ಟೇ ಇರ್ಲಿ.

ಇನ್ನೊಂದು ಗುಂಡಿ, ಇದ್ರಲ್ಲಿ ಬಿದ್ರೆ ಸದ್ದೇ ಬರಲ್ಲ. ಡಿಎನ್‌ಎಸ್ ರೀಬೈಂಡಿಂಗ್ ದಾಳಿ (ಹೊರಗಿನ ಹೆಸ್ರಿಗೆ ಒಳಗಿನ ಅಡ್ರೆಸ್ ಕೊಟ್ಟು ಮೋಸ ಮಾಡೋದು) ತಡೆಯೋಕೆ ಅಂತ ಅನ್‌ಬೌಂಡಲ್ಲಿ ಪ್ರೈವೇಟ್ ಅಡ್ರೆಸ್ ಅಂತ ಒಂದು ಪಟ್ಟಿ ಕೊಡಬೋದು, ಅದ್ರಲ್ಲಿ 127.0.0.0/8 ಸೇರಿಸಿದ್ರೆ ಬ್ಲಾಕ್‌ಲಿಸ್ಟಿಂದ ಬರೋ ಉತ್ತರಗಳನ್ನೂ ಅದು ಕಿತ್ತು ಬಿಸಾಕುತ್ತೆ. ಉತ್ತರ ಖಾಲಿ ಬರುತ್ತೆ, ಪೋಸ್ಟ್‌ಫಿಕ್ಸ್ ಲಿಸ್ಟಲ್ಲಿಲ್ಲ ಅಂದ್ಕೊಳ್ಳುತ್ತೆ, ಲಾಗಲ್ಲಿ ಒಂದು ಎರರ್ರೂ ಇರಲ್ಲ. ಡಿಎನ್‌ಎಸ್‌ಮಾಸ್ಕಲ್ಲಿ ಇದಕ್ಕಂತಲೇ ರೀಬೈಂಡ್ ಲೋಕಲ್‌ಹೋಸ್ಟ್ ಓಕೆ ಅನ್ನೋ ಆಪ್ಷನ್ ಇದೆ ಅಂದ್ರೆ ಎಷ್ಟು ಜನ ಬಿದ್ದಿರ್ಬೇಕು ಯೋಚ್ನೆ ಮಾಡಿ.

ಈಗ ನೀವು ಕೇಳಿದ್ದು, ಪೂರ್ತಿ ಲಿಸ್ಟ್ ಇಳಿಸೋದು. ಡಿಎನ್‌ಎಸ್ ಮೂಲಕ ಒಂದೊಂದೇ ಕೇಳಿ ಇಳಿಸೋಕಾಗಲ್ಲ, ಐಪಿವಿ4 ಅಡ್ರೆಸ್‌ಗಳೇ 400 ಕೋಟಿಗೂ ಮೇಲಿದಾವೆ, ಅದಕ್ಕೂ ಮೊದ್ಲೇ ನಿಮ್ಮನ್ನ ಬ್ಲಾಕ್ ಮಾಡಿರ್ತಾರೆ. ಇರೋ ದಾರಿ ಫೈಲ್ ಕಾಪಿ ಮಾಡೋ ಆರ್‌ಸಿಂಕ್, ಲಿಸ್ಟ್ ನಡೆಸೋರ ಜೊತೆ ಒಪ್ಪಂದ ಮಾಡ್ಕೊಂಡ್ರೆ ಡೇಟಾ ಫೈಲ್‌ಗಳನ್ನ ಕೆಲವು ನಿಮಿಷಕ್ಕೊಂದ್ಸಲ ಎಳ್ಕೊಳ್ಳೋಕೆ ಬಿಡ್ತಾರೆ, ಕೆಲವು ಚಿಕ್ಕ ಲಿಸ್ಟ್‌ನೋರು ಫ್ರೀಯಾಗೂ ಕೊಡೋದುಂಟು, ದೊಡ್ಡೋರದ್ದು ದುಡ್ಡು ಕೊಟ್ಟು ತಗೊಳ್ಳೋದು. ಆ ಫೈಲ್‌ಗಳನ್ನ ಡಿಎನ್‌ಎಸ್ ಉತ್ತರ ಮಾಡಿ ಕೊಡೋದಕ್ಕೆ ಆರ್‌ಬಿಎಲ್‌ಡಿಎನ್‌ಎಸ್‌ಡಿ ಅಂತ ಪುಟ್ಟ ಪ್ರೋಗ್ರಾಮ್ ಇದೆ, ಮೈಕೆಲ್ ಟೊಕರೆವ್ ಬರೆದಿದ್ದು, ಇದೊಂದೇ ಕೆಲ್ಸಕ್ಕೆ ಹುಟ್ಟಿದ್ದು. ಬೈಂಡಲ್ಲಿ ಲಕ್ಷಗಟ್ಟಲೆ ಸಾಲಿನ ಝೋನ್ ಹಾಕಿದ್ರೆ ಮೆಮೊರಿ ನುಂಗಿ ನೀರು ಕುಡಿಯುತ್ತೆ, ಇದು ಐಪಿಗಳನ್ನ ಒತ್ತಿ ಜೋಡಿಸಿಟ್ಕೊಂಡು ಆರಾಮಾಗಿ ನಡೆಯುತ್ತೆ.

ಜೋಡಣೆ ಹೀಗೆ, ಅದನ್ನ 127.0.0.1ರಲ್ಲಿ 530 ತರದ ಬೇರೆ ಪೋರ್ಟಲ್ಲಿ ನಿಲ್ಲಿಸಿ, ಅನ್‌ಬೌಂಡಲ್ಲಿ ಆ ಲಿಸ್ಟಿನ ಹೆಸರಿಗೆ ಒಂದು ಸ್ಟಬ್ ಝೋನ್ (ಈ ಹೆಸ್ರಿಗೆ ಇಲ್ಲೇ ಕೇಳು ಅನ್ನೋ ಸಾಲು) ಬರೆದು ಆ ಪೋರ್ಟಿಗೆ ತೋರಿಸಿ. ಡು ನಾಟ್ ಕ್ವೆರಿ ಲೋಕಲ್‌ಹೋಸ್ಟ್ ಅನ್ನೋದನ್ನ ನೋ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಅನ್‌ಬೌಂಡ್ ತನ್ನ ಮಷೀನನ್ನ ತಾನು ಕೇಳಲ್ಲ ಅಂತ ಹಟ ಹಿಡಿಯುತ್ತೆ. ಪೋಸ್ಟ್‌ಫಿಕ್ಸ್‌ಗೆ ಏನೂ ಬದಲಾವಣೆ ಬೇಡ, ಅದು ಅದೇ ಹೆಸ್ರು ಕೇಳುತ್ತೆ, ಉತ್ತರ ಮಾತ್ರ ಪಕ್ಕದ ರೂಮಿಂದ ಬರುತ್ತೆ. ಫೈಲ್ ಬದಲಾಗಿದ್ಯಾ ಅಂತ ಆರ್‌ಬಿಎಲ್‌ಡಿಎನ್‌ಎಸ್‌ಡಿ ತಾನೇ ಡೀಫಾಲ್ಟಾಗಿ 60 ಸೆಕೆಂಡಿಗೊಂದ್ಸಲ ನೋಡ್ಕೊಳ್ಳುತ್ತೆ. ಆರ್‌ಸಿಂಕಲ್ಲಿ ಇನ್‌ಪ್ಲೇಸ್ ಆಪ್ಷನ್ ಹಾಕ್ಬೇಡಿ, ಅರ್ಧ ಬರೆದಿರೋ ಫೈಲನ್ನ ಅದು ಓದ್ಬಿಡುತ್ತೆ. ಹಂಗೇ ಬಿಟ್ರೆ ಆರ್‌ಸಿಂಕ್ ಬೇರೆ ಹೆಸ್ರಲ್ಲಿ ಬರೆದು ಕೊನೇಲಿ ಹೆಸ್ರು ಬದಲಾಯಿಸುತ್ತೆ, ಅದೇ ಸರಿ. ದೊಡ್ಡ ಲಿಸ್ಟ್ ಆದ್ರೆ ಎಫ್ ಆಪ್ಷನ್ ಕೊಟ್ರೆ ರೀಲೋಡ್ ಆಗ್ವಾಗ್ಲೂ ಉತ್ತರ ಕೊಡ್ತಾ ಇರುತ್ತೆ, ಆ ಹೊತ್ತಿಗೆ ಮೆಮೊರಿ ಸುಮಾರು ಡಬಲ್ ಬೇಕು.

ಇಷ್ಟು ಓದಿ ಎಷ್ಟು ಸುಲಭ ಅನ್ಸುತ್ತೆ. ನಂಗೂ ಅನ್ಸಿತ್ತು. ಒಂದ್ಸಲ ನಾನು ನೋಡ್ಕೊಳ್ತಿದ್ದ ಸರ್ವರಲ್ಲಿ ಡಿಸ್ಕ್ ತುಂಬಿ ಆರ್‌ಸಿಂಕ್ ಸೋಲೋಕೆ ಶುರುವಾಗಿದೆ, ಹೊತ್ತಿಗೆ ಸರಿಯಾಗಿ ಕೆಲ್ಸ ಓಡಿಸೋ ಕ್ರಾನ್ ಕಳಿಸೋ ಎರರ್ ಮೇಲ್ ಯಾರೂ ಓದದ ಮೇಲ್‌ಬಾಕ್ಸ್‌ಗೆ ಹೋಗಿ ಬಿದ್ದಿದೆ, ಹಳೇ ಫೈಲ್ ಮಾತ್ರ ಅಲ್ಲೇ ಇದೆ, ಆರ್‌ಬಿಎಲ್‌ಡಿಎನ್‌ಎಸ್‌ಡಿ ಅದನ್ನೇ ಇಟ್ಕೊಂಡು ಮಿಲಿಸೆಕೆಂಡಲ್ಲಿ ಚಕಚಕ ಉತ್ತರ ಕೊಡ್ತಾ ಕೂತಿದೆ. ಹನ್ನೊಂದು ದಿನ. ಗೊತ್ತಾಗಿದ್ದು ಹೆಂಗಂದ್ರೆ, ಲಿಸ್ಟಿಂದ ಯಾವಾಗ್ಲೋ ಹೊರಬಂದಿದ್ದ ಒಬ್ರು "ಎಲ್ಲಾ ಕಡೆ ಮೇಲ್ ಹೋಗುತ್ತೆ ನಿಮಗೊಬ್ರಿಗೇ ಹೋಗಲ್ಲ" ಅಂತ ಫೋನ್ ಮಾಡಿದಾಗ, ಮತ್ತೆ ನಾನು ಮೊದ್ಲು ಅವ್ರದ್ದೇ ತಪ್ಪು ಅಂತ ವಾದ ಬೇರೆ ಮಾಡಿದ್ದೆ. ಹೊರಗಿನ ಲಿಸ್ಟ್ ಕೈ ಕೊಟ್ರೆ ತಕ್ಷಣ ಕಾಣುತ್ತೆ, ನಿಮಗಾದಂಗೆ. ಸ್ವಂತ ಕಾಪಿ ಕೊಳೆಯೋದು ಹಂಗಲ್ಲ, ಎಲ್ಲಾ ಹಸಿರು ಲೈಟೇ ಉರೀತಿರುತ್ತೆ.

ಸತ್ತ ಲಿಸ್ಟ್‌ಗಳ ಕಥೆನೂ ಇಲ್ಲೇ ಹೇಳ್ಬಿಡ್ತೀನಿ. ಓಆರ್‌ಡಿಬಿ ಅಂತ ಒಂದಿತ್ತು, 2006ರ ಡಿಸೆಂಬರಲ್ಲಿ ನಿಂತೋಯ್ತು, ಆದ್ರೂ ಜನ ಕಾನ್ಫಿಗಿಂದ ತೆಗೀಲಿಲ್ಲ, ವರ್ಷ ದಾಟಿ ಕೇಳ್ತಾನೇ ಇದ್ರು, 2008ರ ಮಾರ್ಚಲ್ಲಿ ಅವ್ರು ಯಾವ ಐಪಿ ಕೇಳಿದ್ರೂ "ಲಿಸ್ಟಲ್ಲಿದೆ" ಅಂತ ಉತ್ತರ ಕೊಡೋಕೆ ಶುರು ಮಾಡಿದ್ರು, ಅವತ್ತು ಮರೆತೋರಿಗೆಲ್ಲಾ ಒಟ್ಟಿಗೆ ನೆನಪಾಯ್ತು. ಸಾರ್ಬ್ಸ್ ಅನ್ನೋ ಇನ್ನೊಂದು ಲಿಸ್ಟ್ 2024ರ ಜೂನಲ್ಲಿ ಮುಚ್ತು, ಈಗ್ಲೂ ಹುಡುಕಿದ್ರೆ ಅದ್ರ ಹೆಸ್ರಿರೋ ಕಾನ್ಫಿಗ್‌ಗಳು ಎಷ್ಟೋ ಸಿಗ್ತವೆ. ನಿಮ್ಮದ್ರಲ್ಲೂ ನೋಡಿ, ಹಳೇ ಸರ್ವರಿಂದ ಕಾಪಿ ಹೊಡೆದಿದ್ರೆ ಇರೋ ಸಾಧ್ಯತೆ ಇದೆ.

ಹಾಗಾಗಿ ಯಾವ ದಾರಿ ಹಿಡಿದ್ರೂ ಕಾವಲು ಬೇಕು. ಆರ್‌ಎಫ್‌ಸಿ 5782ರಲ್ಲೇ ಇದಕ್ಕೆ ಪರೀಕ್ಷೆ ಕೊಟ್ಟಿದ್ದಾರೆ, ಪ್ರತಿ ಐಪಿವಿ4 ಲಿಸ್ಟೂ 127.0.0.2ನ್ನ ಲಿಸ್ಟಲ್ಲಿದೆ ಅನ್ನಬೇಕು, 127.0.0.1ನ್ನ ಇಲ್ಲ ಅನ್ನಬೇಕು. ಗಂಟೆಗೊಂದ್ಸಲ ಎರಡನ್ನೂ ಕೇಳೋ ನಾಕು ಸಾಲಿನ ಸ್ಕ್ರಿಪ್ಟ್ ಬರೀರಿ, ಮೊದಲನೇದಕ್ಕೆ ಉತ್ತರ ಬರದಿದ್ರೆ ರೆಸಾಲ್ವರೋ ರೀಬೈಂಡಿಂಗೋ ಕೆಟ್ಟಿದೆ, ಎರಡನೇದಕ್ಕೆ ಉತ್ತರ ಬಂದ್ರೆ ಲಿಸ್ಟ್ ಸತ್ತಿದೆ ಇಲ್ಲಾ ನಿಮ್ಮನ್ನ ಬ್ಲಾಕ್ ಮಾಡಿದ್ದಾರೆ. ಸ್ವಂತ ಕಾಪಿ ಇಟ್ಕೊಂಡೋರಿಗೆ ಇದು ಸಾಲಲ್ಲ, ಹಳಸಿದ ಫೈಲೂ ಈ ಪರೀಕ್ಷೆ ಪಾಸಾಗುತ್ತೆ, ಅವ್ರು ಫೈಲಿನ ವಯಸ್ಸನ್ನೂ ನೋಡ್ಬೇಕು. ಆರ್‌ಬಿಎಲ್‌ಡಿಎನ್‌ಎಸ್‌ಡಿ ಡೇಟಾ ಫೈಲಲ್ಲಿ ಟೈಮ್‌ಸ್ಟ್ಯಾಂಪ್ ಸಾಲು ಹಾಕಿ ಅವಧಿ ಕೊಡಬೋದು, ಅವಧಿ ಮೀರಿದ್ರೆ ಆ ಝೋನಿಗೆ ಉತ್ತರ ಕೊಡೋದನ್ನೇ ನಿಲ್ಲಿಸುತ್ತೆ. ಉತ್ತರ ಬರದಿದ್ರೆ ಪೋಸ್ಟ್‌ಫಿಕ್ಸ್ ಲಾಗಲ್ಲಿ ವಾರ್ನಿಂಗ್ ಬರೆದು ಮೇಲ್ ಒಳಗೆ ಬಿಡುತ್ತೆ. ನಾಕು ಸ್ಪ್ಯಾಮ್ ಜಾಸ್ತಿ ಬರುತ್ತೆ, ಬರ್ಲಿ ಬಿಡಿ, ಹನ್ನೊಂದು ದಿನ ತಪ್ಪು ಜನರನ್ನ ತಡೆಯೋದಕ್ಕಿಂತ ಅದು ವಾಸಿ.

ನಿಮ್ಮ ವಿಷ್ಯಕ್ಕೆ ಬಂದ್ರೆ, ಅನ್‌ಬೌಂಡ್ ಹಾಕಿದ್ಮೇಲೂ 254 ಬರ್ತಾ ಇದ್ರೆ ಗಾಬರಿ ಆಗ್ಬೇಡಿ. ವಿಪಿಎಸ್ ಐಪಿಯ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಸಿಗೋ ಹೆಸ್ರು) ಹೋಸ್ಟಿಂಗ್‌ನೋರ ಹೆಸ್ರಲ್ಲಿ ನಂಬರ್ ನಂಬರಾಗಿ ಇದ್ರೆ ಅದನ್ನೂ ಗುರುತಿಲ್ಲದೋರು ಅಂತ ಲೆಕ್ಕ ಹಾಕ್ತಾರೆ, ಮೊದ್ಲು ಅದನ್ನ ನಿಮ್ಮ ಮೇಲ್ ಸರ್ವರ್ ಹೆಸರಿಗೆ ಮಾಡಿಸಿ, ಮೇಲ್ ಕಳಿಸೋಕೂ ಅದು ಬೇಕೇ ಬೇಕು. ಆಗ್ಲೂ ಆಗದಿದ್ರೆ, ಅಥವಾ ನಿಮ್ಮದು ವ್ಯಾಪಾರದ ಬಳಕೆ ಆಗಿದ್ರೆ, ಸ್ಪ್ಯಾಮ್‌ಹೌಸ್‌ನ ಡಿಕ್ಯೂಎಸ್ ಅನ್ನೋ ಸೇವೆಗೆ ರಿಜಿಸ್ಟರ್ ಆಗಿ, ಅಲ್ಲಿ ನಿಮಗೊಂದು ಕೀ ಕೊಡ್ತಾರೆ, ಆ ಕೀ ಲಿಸ್ಟಿನ ಹೆಸ್ರೊಳಗೇ ಸೇರ್ಕೊಂಡಿರುತ್ತೆ. ಹುಷಾರು, ಪೋಸ್ಟ್‌ಫಿಕ್ಸ್ ರಿಜೆಕ್ಟ್ ಮಾಡ್ವಾಗ ಲಿಸ್ಟಿನ ಪೂರ್ತಿ ಹೆಸ್ರನ್ನ ಎದುರಿನೋರಿಗೆ ಹೇಳುತ್ತೆ, ಅಂದ್ರೆ ನಿಮ್ಮ ಕೀನ ಸ್ಪ್ಯಾಮರ್‌ಗೇ ಕೊಟ್ಟಂಗೆ. ಆರ್‌ಬಿಎಲ್ ರಿಪ್ಲೈ ಮ್ಯಾಪ್ಸ್ ಹಾಕಿ ಆ ಮೆಸೇಜ್ ಬದಲಾಯಿಸಿ, ಪೋಸ್ಟ್‌ಸ್ಕ್ರೀನ್ ಇದ್ರೆ ಅದಕ್ಕೆ ಬೇರೆ ರಿಪ್ಲೈ ಮ್ಯಾಪ್ ಇದೆ, ಅದನ್ನೂ ಹಾಕಿ.

ಮತ್ತೆ ಆ ತೆಗೆದ ಲೈನ್ ವಾಪಸ್ ಹಾಕ್ವಾಗ ಒಂದೇ ಸಲ ಹಾಕ್ಬೇಡಿ. ಅದ್ರ ಮುಂದೆ ವಾರ್ನ್ ಇಫ್ ರಿಜೆಕ್ಟ್ ಅಂತ ಸೇರಿಸಿದ್ರೆ ಪೋಸ್ಟ್‌ಫಿಕ್ಸ್ ಯಾರನ್ನೂ ತಡೆಯಲ್ಲ, ತಡೀತಿದ್ದೆ ಅಂತ ಲಾಗಲ್ಲಿ ಬರೆಯುತ್ತೆ ಅಷ್ಟೇ. ಎರಡು ದಿನ ಹಂಗೇ ಬಿಟ್ಟು ಲಾಗ್ ಓದಿ, ನಿಮಗೆ ಗೊತ್ತಿರೋರ ಹೆಸ್ರು ಯಾವುದೂ ಇಲ್ಲ ಅಂದ್ರೆ ಆಮೇಲೆ ಆ ಪದ ಕಿತ್ತಾಕಿ.